ಟ್ರಿಮ್, ಕಿನ್ಸೇಲ್, ವೆಸ್ಟ್‌ಪೋರ್ಟ್, ಸ್ಕಿಬರೀನ್: ಐರ್ಲೆಂಡಿನ ಯಾವ ಸಣ್ಣ ಊರಿಗೆ ಹೋಗಬೇಕು?

ಡಬ್ಲಿನ್ನಿನಲ್ಲಿ ಕೆಲಸಕ್ಕಿರುವ ಕನ್ನಡಿಗರೂ, ಬೇಸಿಗೆಯಲ್ಲಿ ಅಲ್ಲಿನ ಮಕ್ಕಳ ಮನೆಗೆ ಹೋಗಿ ತಂಗುವ ತಂದೆತಾಯಂದಿರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ರಾಜಧಾನಿಯನ್ನು ನೋಡಿಯಾಯಿತು, ಪ್ರವಾಸಿ ಬಸ್ಸು ಹತ್ತಿ ಪಡುವಣ ಕಡಲಿನ ಬಂಡೆಗಳನ್ನೂ ನೋಡಿಯಾಯಿತು. ಇನ್ನು ಒಂದೇ ಒಂದು ಸಣ್ಣ ಊರಿನಲ್ಲಿ ನಿಧಾನವಾಗಿ ಓಡಾಡಿ ಈ ದೇಶದ ಚರಿತ್ರೆಯನ್ನು ತಿಳಿಯಬೇಕೆಂದರೆ ಯಾವ ಊರನ್ನು ಆರಿಸಿಕೊಳ್ಳಬೇಕು? ಈ ಮಾತು ಬಂದಾಗ ಹೆಚ್ಚಾಗಿ ಕೇಳಿಬರುವ ಹೆಸರುಗಳು ನಾಲ್ಕು: ಮೀತ್ ಕೌಂಟಿಯ ಟ್ರಿಮ್, ಕಾರ್ಕ್ ಕೌಂಟಿಯ ಕಿನ್ಸೇಲ್ ಮತ್ತು ಸ್ಕಿಬರೀನ್, ಮೇಯೊ ಕೌಂಟಿಯ ವೆಸ್ಟ್‌ಪೋರ್ಟ್. ನಾಲ್ಕೂ ಹತ್ತು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳು. ನಾಲ್ಕಕ್ಕೂ ಒಳ್ಳೆಯ ಹೆಸರಿದೆ. ಆದರೆ ಅವು ಹೇಳುವ ಕಥೆಗಳು ಬೇರೆ ಬೇರೆ, ಕೇಳುವ ಸಮಯವೂ ಹಣವೂ ಬೇರೆ ಬೇರೆ.

ಆರಿಸುವ ಮೊದಲು ಅಳತೆಗೋಲುಗಳನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಮೊದಲನೆಯದಾಗಿ, ಆ ಊರು ಅಲ್ಲಿಯೇ ಏಕೆ ಹುಟ್ಟಿತು ಎಂಬುದನ್ನು ನೆಲವೇ ತೋರಿಸಿಕೊಡುತ್ತದೆಯೆ ಎಂದು ನೋಡಬೇಕು. ನದಿ, ಗುಡ್ಡ, ಕಡಲು, ಮಣ್ಣು ಇವುಗಳಿಗೂ ಊರಿಗೂ ಇರುವ ಸಂಬಂಧ ಕಣ್ಣಿಗೆ ಬೀಳದಿದ್ದರೆ ಅಲ್ಲಿ ಹೇಳಲಾಗುವ ಇಸವಿಗಳು ನೆನಪಿನಲ್ಲಿ ಉಳಿಯುವುದಿಲ್ಲ. ಎರಡನೆಯದಾಗಿ, ನಡೆದ ಸಂಗತಿಯ ಕುರುಹು ಇಂದಿಗೂ ಉಳಿದಿದೆಯೆ, ಅಥವಾ ಓದಿಕೊಂಡು ಹೋದವರಿಗೆ ಮಾತ್ರ ಅದು ಕಾಣುತ್ತದೆಯೆ ಎಂಬುದು. ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಆ ಊರಿನಲ್ಲಿ ನಡೆದದ್ದು ಇಡೀ ದೇಶದ ಗತಿಯನ್ನು ಬದಲಿಸಿತೆ, ಅಥವಾ ಕನಿಷ್ಠಪಕ್ಷ ಇಡೀ ದೇಶದ ಅನುಭವವನ್ನು ತೆರೆದು ತೋರಿಸುತ್ತದೆಯೆ? ಕೊನೆಯದಾಗಿ ಸ್ವಂತ ಕಾರಿಲ್ಲದೆ ತಲುಪುವ ಅನುಕೂಲ, ಉಳಿಯುವ ವೆಚ್ಚ, ವಯಸ್ಸಾದವರ ಮತ್ತು ಮಕ್ಕಳ ಕಾಲಿನ ಶಕ್ತಿ.

ಡಬ್ಲಿನ್ನಿಗೆ ಅತಿ ಹತ್ತಿರದ್ದು ಟ್ರಿಮ್. ರಾಜಧಾನಿಯಿಂದ ವಾಯವ್ಯಕ್ಕೆ ಸುಮಾರು 45 ಕಿಲೋಮೀಟರು. ರೈಲಿಲ್ಲ, ಬಸ್ಸಿನಲ್ಲಿ ಒಂದು ಗಂಟೆಯ ಆಸುಪಾಸಿನ ದಾರಿ. ಬೆಳಿಗ್ಗೆ ಹೊರಟು ಸಂಜೆಗೆ ಮನೆಗೆ ಮರಳಬಹುದಾದ್ದರಿಂದ ವಸತಿಯ ಖರ್ಚೇ ಬರುವುದಿಲ್ಲ. ಊರು ಬಾಯ್ನ್ ನದಿಯ ದಂಡೆಯ ಮೇಲಿದೆ. ಸುತ್ತಲಿನದು ಐರ್ಲೆಂಡಿನ ನಡುಬಯಲಿನ ಪೂರ್ವದ ಅಂಚು. ಸುಣ್ಣಕಲ್ಲಿನ ತಳದ ಮೇಲೆ ಹಿಮನದಿಗಳು ಬಿಟ್ಟುಹೋದ ಮಣ್ಣು ಹರಡಿಕೊಂಡು, ದೇಶದಲ್ಲಿಯೇ ಅತ್ಯುತ್ತಮವೆನಿಸಿದ ಹುಲ್ಲುಗಾವಲಾಗಿದೆ. ದನದ ಸಂಪತ್ತೇ ಅರಸುತನದ ಅಳತೆಯಾಗಿದ್ದ ಕಾಲದಲ್ಲಿ ಇಂಥ ನೆಲವನ್ನು ಹಿಡಿದವನೇ ದೊಡ್ಡವನಾಗುತ್ತಿದ್ದ. ಹಳೆಯ ಅರಸರ ಪಟ್ಟಾಭಿಷೇಕದ ನೆಲೆಯಾದ ತಾರಾ ಗುಡ್ಡ ಹತ್ತಿರದಲ್ಲಿಯೇ ಇದೆ. ಇದೇ ನದಿಯ ಕೆಳಹರಿವಿನಲ್ಲಿ ಕ್ರಿಸ್ತಪೂರ್ವ 3200ರ ಸುಮಾರಿನ ನ್ಯೂಗ್ರೇಂಜ್ ಸಮಾಧಿ ದಿಬ್ಬವಿದೆ. ಕಾಲುನಡಿಗೆಯಲ್ಲಿ ದಾಟಬಹುದಾದ ಕಡವು ಇದ್ದ ಕಡೆ ಟ್ರಿಮ್ ಬೆಳೆಯಿತು.

1172ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ ಮೀತ್ ಸೀಮೆಯನ್ನು ಹ್ಯೂ ಡಿ ಲೇಸಿ ಎಂಬ ಸರದಾರನಿಗೆ ಕೊಟ್ಟ. ಲೆನ್ಸ್ಟರ್ ಪ್ರಾಂತದಲ್ಲಿ ತನ್ನದೇ ಇನ್ನೊಬ್ಬ ಸರದಾರ ಸ್ಟ್ರಾಂಗ್‌ಬೋ ಮಿತಿಮೀರಿ ಬಲಿಯುತ್ತಿದ್ದಾನೆಂಬ ಆತಂಕ ದೊರೆಗಿತ್ತು. ಅವನ ಎದುರಿಗೆ ಇನ್ನೊಂದು ಬಲವನ್ನು ನಿಲ್ಲಿಸುವುದು ಈ ದಾನದ ಉದ್ದೇಶ. ಡಿ ಲೇಸಿ ಕಡವಿನ ಮೇಲೆ ಕಣ್ಣಿಡುವ ಎತ್ತರದಲ್ಲಿ ಮರದ ಕೋಟೆ ಕಟ್ಟಿದ. ಐರಿಷ್ ಅರಸ ರೋರಿ ಓಕಾನರ್‌ನ ದಾಳಿಯಲ್ಲಿ ಅದು ಸುಟ್ಟುಹೋಯಿತು. ಬಳಿಕ ಅದೇ ಜಾಗದಲ್ಲಿ ಕಲ್ಲಿನ ಕೋಟೆ ಎದ್ದಿತು, ಡಿ ಲೇಸಿಯ ಮಗ ವಾಲ್ಟರನ ಕಾಲಕ್ಕೆ ಪೂರ್ಣಗೊಂಡಿತು. ಚೌಕದ ನಾಲ್ಕೂ ಮೈಗೆ ಒಂದೊಂದು ಗೋಪುರ ಅಂಟಿಸಿದಂತಿದ್ದ, ಇಪ್ಪತ್ತು ಮೂಲೆಗಳ ಆ ನಡುಗೋಪುರ ಇಂದಿಗೂ ನಿಂತಿದೆ. ಐರ್ಲೆಂಡಿನ ಆಂಗ್ಲೋ-ನಾರ್ಮನ್ ಕೋಟೆಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. 1399ರಲ್ಲಿ ಎರಡನೆಯ ರಿಚರ್ಡ್ ದೊರೆ, ಮುಂದೆ ಐದನೆಯ ಹೆನ್ರಿಯಾಗಿ ಪಟ್ಟವೇರಲಿದ್ದ ಹುಡುಗನನ್ನು ಇಲ್ಲಿಯೇ ಇರಿಸಿ ಹೋಗಿದ್ದ. ಇಂಗ್ಲಿಷರ ಹಿಡಿತ ಡಬ್ಲಿನ್ನಿನ ಸುತ್ತಲಿನ ಸಣ್ಣ ಪಟ್ಟಿಗೆ ಕುಗ್ಗಿದ್ದ ಹದಿನೈದನೆಯ ಶತಮಾನದಲ್ಲಿ ಟ್ರಿಮ್ ಆ ಪಟ್ಟಿಯ ಗಡಿಯೂರಾಗಿತ್ತು. ಐರಿಷ್ ಪಾರ್ಲಿಮೆಂಟು ಹಲವು ಬಾರಿ ಇಲ್ಲಿ ಸೇರಿತ್ತು.

ಟ್ರಿಮ್‌ನ ದೊಡ್ಡ ಗುಣವೆಂದರೆ ಇವೆಲ್ಲ ಒಂದೇ ನೋಟದಲ್ಲಿ ಸಿಗುತ್ತವೆ. ಕೋಟೆಯ ಎದುರು ದಂಡೆಯಲ್ಲಿ ಸೇಂಟ್ ಮೇರಿ ಮಠದ ಒಡೆದ ಗಂಟೆಗೋಪುರ, ಅದರ ಪಕ್ಕದಲ್ಲಿ ಊರಗೋಡೆಯ ಬಾಗಿಲುಗಳಲ್ಲಿ ಉಳಿದಿರುವ ಒಂದೇ ಒಂದಾದ ಕುರಿ ಬಾಗಿಲು, ಅಲ್ಲಿಂದ ನದಿಯಗುಂಟ ಹುಲ್ಲುಗಾವಲಿನಲ್ಲಿ ನಡೆದರೆ ಹದಿಮೂರನೆಯ ಶತಮಾನದ ಆರಂಭದಲ್ಲಿ ಸ್ಥಾಪಿತವಾದ ನ್ಯೂಟೌನ್ ಕತೀಡ್ರಲಿನ ಅವಶೇಷ. ನಡಿಗೆ ಸಮತಟ್ಟಾದದ್ದು, ವಯಸ್ಸಾದವರಿಗೂ ಸುಲಭ. ನಡುಗೋಪುರದೊಳಗಿನ ಮೆಟ್ಟಿಲುಗಳು ಮಾತ್ರ ಕಿರಿದು, ಕಡಿದು. ಮಾರ್ಗದರ್ಶಕರ ಜೊತೆಯಲ್ಲಿ ಮಾತ್ರ ಒಳಗೆ ಬಿಡುತ್ತಾರೆ. ಮೊಣಕಾಲು ನೋವಿರುವವರು ಹೊರಗಿನ ಆವರಣದಿಂದಲೇ ಕೋಟೆಯ ಮುಕ್ಕಾಲು ಪಾಲನ್ನು ಅರ್ಥಮಾಡಿಕೊಳ್ಳಬಹುದು.

ಕನ್ನಡಿಗರಿಗೆ ಟ್ರಿಮ್‌ನಲ್ಲಿ ಇನ್ನೊಂದು ಕಾರಣಕ್ಕಾಗಿ ನಿಲ್ಲಬೇಕೆನಿಸುತ್ತದೆ. ಊರಿನೊಳಗೆ 1817ರಲ್ಲಿ ಎತ್ತಿಸಿದ ಒಂದು ಕಂಬವಿದೆ. ಅದರ ತುದಿಯಲ್ಲಿ ನಿಂತಿರುವವನು ಆರ್ಥರ್ ವೆಲ್ಲೆಸ್ಲಿ, ವೆಲ್ಲಿಂಗ್ಟನ್ನಿನ ಡ್ಯೂಕ್. ಅವನ ಮನೆತನದ ಡಾಂಗನ್ ಎಸ್ಟೇಟು ಟ್ರಿಮ್‌ಗೆ ಹತ್ತಿರದಲ್ಲಿತ್ತು. 1790ರಿಂದ ಕೆಲವು ವರ್ಷ ಐರಿಷ್ ಪಾರ್ಲಿಮೆಂಟಿನಲ್ಲಿ ಅವನು ಈ ಊರಿನ ಪ್ರತಿನಿಧಿಯಾಗಿದ್ದ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿಯ ಕತ್ತಲಲ್ಲಿ ದಾಳಿಗಿಳಿದು ಸೋತು ಹಿಮ್ಮೆಟ್ಟಿದವನೂ, ಮೇ 4ರಂದು ಟಿಪ್ಪು ಸುಲ್ತಾನ ಬಿದ್ದ ಮೇಲೆ ಆ ಪಟ್ಟಣದ ಆಡಳಿತ ವಹಿಸಿಕೊಂಡವನೂ, ಮರುವರ್ಷ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದವನೂ ಇವನೇ. ಆಗ ಗವರ್ನರ್ ಜನರಲ್ ಆಗಿದ್ದವನು ಇವನ ಅಣ್ಣ ರಿಚರ್ಡ್. ಮೈಸೂರಿನ ಚರಿತ್ರೆಯನ್ನು ತಿರುಗಿಸಿದ ಇಬ್ಬರು ಸಹೋದರರು ಬಂದದ್ದು ಈ ಬಾಯ್ನ್ ಬಯಲಿನಿಂದ, ಐರಿಷರ ಭೂಮಿಯ ಮೇಲೆ ಬೇರೂರಿದ್ದ ಭೂಮಾಲೀಕ ವರ್ಗದಿಂದ ಎಂಬುದನ್ನು ಆ ಕಂಬದ ಕೆಳಗೆ ನಿಂತಾಗ ಮರೆಯುವುದು ಕಷ್ಟ. ಶ್ರೀರಂಗಪಟ್ಟಣವನ್ನು ನೋಡಿ ಬಲ್ಲವರು ಇಲ್ಲಿಗೆ ಬಂದರೆ ಒಂದು ಸಾಮ್ರಾಜ್ಯದ ಎರಡು ತುದಿಗಳನ್ನೂ ಕಂಡಂತಾಗುತ್ತದೆ.

ಟ್ರಿಮ್‌ನ ಕೊರತೆಯನ್ನೂ ಹೇಳಬೇಕು. ಅಲ್ಲಿ ಉಳಿದಿರುವ ಕಲ್ಲೆಲ್ಲ ಗೆದ್ದವರದು, ಮಠಗಳದು. ಕೋಟೆಯ ಗೋಡೆಯ ಹೊರಗೆ ಬದುಕಿದವರ, ನೆಲ ಕಳೆದುಕೊಂಡವರ ದನಿ ಅಲ್ಲಿ ತೀರ ಕ್ಷೀಣ. ಆ ದನಿಯನ್ನು ಕೇಳಬೇಕೆನ್ನುವವರು ದಕ್ಷಿಣಕ್ಕೆ ಹೋಗಬೇಕಾಗುತ್ತದೆ.

ಕಾರ್ಕ್ ನಗರದಿಂದ ಸುಮಾರು 25 ಕಿಲೋಮೀಟರು ದಕ್ಷಿಣಕ್ಕೆ ಕಿನ್ಸೇಲ್ ಇದೆ. ಡಬ್ಲಿನ್ನಿನಿಂದ ಕಾರ್ಕ್‌ಗೆ ರೈಲಿನಲ್ಲಿ ಎರಡೂವರೆ ಗಂಟೆಯ ಪ್ರಯಾಣ, ಅಲ್ಲಿಂದ ವಿಮಾನ ನಿಲ್ದಾಣದ ಮೇಲಿಂದ ಹಾದುಹೋಗುವ ಬಸ್ಸು. ನೆಲದ ಪಾಠ ಇಲ್ಲಿ ಬೇರೆಯದೇ. ನೈರುತ್ಯ ಐರ್ಲೆಂಡಿನ ಕೆಂಪು ಮರಳುಗಲ್ಲು ಪೂರ್ವ-ಪಶ್ಚಿಮವಾಗಿ ಮಡಚಿಕೊಂಡಿದೆ. ನದಿಗಳು ಆ ಮಡಿಕೆಗಳ ನಡುವೆ ಪೂರ್ವಕ್ಕೆ ಹರಿದು, ಕಡೆಯಲ್ಲಿ ಥಟ್ಟನೆ ದಕ್ಷಿಣಕ್ಕೆ ತಿರುಗಿ ಕಡಲು ಸೇರುತ್ತವೆ. ಬ್ಯಾಂಡನ್ ನದಿ ಹೀಗೆ ತಿರುಗಿದ ಕಣಿವೆಯನ್ನು, ಹಿಮಯುಗ ಮುಗಿದು ಏರಿದ ಕಡಲು ಒಳನುಗ್ಗಿ ತುಂಬಿತು. ಅದರಿಂದಾಗಿ ಗಾಳಿ-ಅಲೆಗಳಿಂದ ಮರೆಯಾದ, ಅಂಕುಡೊಂಕಾದ ಆಳದ ರೇವೊಂದು ದೊರೆಯಿತು. ಸ್ಪೇನ್ ಮತ್ತು ಫ್ರಾನ್ಸ್‌ಗಳ ಹಡಗುಗಳಿಗೆ ಐರ್ಲೆಂಡಿನಲ್ಲಿ ಮೊದಲು ಸಿಗುವುದು ಈ ದಕ್ಷಿಣ ತೀರ. ದ್ರಾಕ್ಷಾರಸದ ವ್ಯಾಪಾರವೂ ಯುದ್ಧವೂ ಬಂದದ್ದು ಅದೇ ದಾರಿಯಲ್ಲಿ.

1601ರ ಸೆಪ್ಟೆಂಬರಿನಲ್ಲಿ ಡಾನ್ ಹ್ವಾನ್ ಡೆಲ್ ಆಗಿಲನ ನಾಯಕತ್ವದಲ್ಲಿ ಸುಮಾರು 3,500 ಸ್ಪ್ಯಾನಿಷ್ ಸೈನಿಕರು ಕಿನ್ಸೇಲ್‌ನಲ್ಲಿ ಇಳಿದರು. ಇಂಗ್ಲಿಷರ ವಿರುದ್ಧ ಕಾದಾಡುತ್ತಿದ್ದ ಐರಿಷ್ ನಾಯಕರಾದ ಹ್ಯೂ ಓನೀಲ್ ಮತ್ತು ಹ್ಯೂ ಓಡಾನೆಲ್ ಇದ್ದದ್ದು ದೇಶದ ಇನ್ನೊಂದು ತುದಿಯಲ್ಲಿ, ಉತ್ತರದ ಅಲ್ಸ್ಟರಿನಲ್ಲಿ. ನೆರವು ಬಂದ ಜಾಗವೇ ಅವರ ಪಾಲಿಗೆ ಸಂಕಟವಾಯಿತು. ತಮ್ಮ ಕಾಡು ಮತ್ತು ಜೌಗಿನ ಆಸರೆಯನ್ನು ಬಿಟ್ಟು, ಚಳಿಗಾಲದಲ್ಲಿ ಇಡೀ ದೇಶವನ್ನು ಉದ್ದಕ್ಕೆ ದಾಟಿ ಅವರು ಬರಬೇಕಾಯಿತು. ಊರನ್ನು ಮುತ್ತಿದ್ದ ಇಂಗ್ಲಿಷ್ ಸೇನಾಪತಿ ಮೌಂಟ್‌ಜಾಯ್‌ನ ಸೇನೆಯನ್ನು ಹೊರಗಿನಿಂದ ತಾವೇ ಸುತ್ತುವರಿದಿದ್ದರೂ, ಹಳೆಯ ಪಂಚಾಂಗದ ಪ್ರಕಾರ ಡಿಸೆಂಬರ್ 24ರ ಬೆಳಿಗ್ಗೆ ಬಯಲು ಕಾಳಗದಲ್ಲಿ ಕೆಲವೇ ಗಂಟೆಗಳಲ್ಲಿ ಸೋತರು. 1607ರಲ್ಲಿ ಉತ್ತರದ ಮುಖಂಡರು ದೇಶ ಬಿಟ್ಟು ಯೂರೋಪಿಗೆ ಹೋದರು. ಅವರ ಭೂಮಿಯನ್ನು ಕಿತ್ತುಕೊಂಡು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ವಲಸಿಗರಿಗೆ ಹಂಚಲಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಉತ್ತರ ಐರ್ಲೆಂಡನ್ನು ಸೀಳಿದ ಬಿರುಕಿನ ಮೊದಲ ಗೆರೆ ಬಿದ್ದದ್ದು ದಕ್ಷಿಣದ ಈ ಮೀನುಗಾರರ ಊರಿನಲ್ಲಿ. ನನ್ನ ಮೂರನೆಯ ಅಳತೆಗೋಲಿನಲ್ಲಿ, ಅಂದರೆ ದೇಶದ ಗತಿಯನ್ನು ಬದಲಿಸಿದ್ದರಲ್ಲಿ, ನಾಲ್ಕು ಊರುಗಳ ಪೈಕಿ ಕಿನ್ಸೇಲೇ ಮುಂದು.

ಆದರೆ ಆ ಕಾಳಗದ ಬಯಲಿನಲ್ಲಿ ಇಂದು ನೋಡುವಂಥದ್ದು ಹೆಚ್ಚೇನೂ ಇಲ್ಲ. ಓದಿಕೊಳ್ಳದೆ ಹೋದವರಿಗೆ ಅದು ಬರಿಯ ಹೊಲ. ಕಣ್ಣಿಗೆ ಕಾಣುವುದು ಕಾಳಗದ ನಂತರದ ಭಯ. ರೇವಿನ ಒಂದು ಮಗ್ಗುಲಿಗೆ ಜೇಮ್ಸ್ ಕೋಟೆ, ಇನ್ನೊಂದು ಮಗ್ಗುಲಿಗೆ 1670ರ ದಶಕದ ಕೊನೆಯಲ್ಲಿ ಕಟ್ಟಲಾರಂಭಿಸಿದ ನಕ್ಷತ್ರಾಕಾರದ ಚಾರ್ಲ್ಸ್ ಕೋಟೆ. ಕಡಲಿನಿಂದ ಬರುವ ಹಡಗನ್ನು ತಡೆಯಲು ಇದು ಹೇಳಿಮಾಡಿಸಿದ್ದು. ಆದರೆ ಅದರ ಬೆನ್ನಿಗೆ ಎತ್ತರದ ನೆಲವಿತ್ತು, 1690ರಲ್ಲಿ, ಇಂಗ್ಲೆಂಡಿನ ಸಿಂಹಾಸನಕ್ಕಾಗಿ ನಡೆದ ಯುದ್ಧದಲ್ಲಿ, ವಿಲಿಯಂ ದೊರೆಯ ಕಡೆಯವರು ಆ ನೆಲದ ಮಗ್ಗುಲಿನಿಂದಲೇ ಬಂದು ಅದನ್ನು ಗೆದ್ದರು. 1922ರ ಅಂತರ್ಯುದ್ಧದಲ್ಲಿ ಅದು ಸುಟ್ಟಿತು. ಊರಿನಿಂದ ಮೂರು ಕಿಲೋಮೀಟರು ಏರಿಳಿತದ ದಾರಿ. ನಡೆಯಬಲ್ಲವರು ರೇವಿನಂಚಿನ ಕಾಲುದಾರಿಯನ್ನು ತಪ್ಪಿಸಿಕೊಳ್ಳಬಾರದು, ಆಗದವರು ಟ್ಯಾಕ್ಸಿ ಹಿಡಿಯುವುದು ಮೇಲು. 1915ರ ಮೇ 7ರಂದು ಲೂಸಿಟೇನಿಯ ಎಂಬ ಪ್ರಯಾಣಿಕರ ಹಡಗು ಜರ್ಮನ್ ಜಲಾಂತರ್ಗಾಮಿಯ ಏಟಿಗೆ ಮುಳುಗಿದ್ದು ಇಲ್ಲಿನ ಓಲ್ಡ್ ಹೆಡ್ ಭೂಶಿರದ ಆಚೆಯ ನೀರಿನಲ್ಲಿ. ಸತ್ತವರ ಬಗ್ಗೆ ಮೊದಲ ವಿಚಾರಣೆ ನಡೆದದ್ದು ಊರಿನ ಹಳೆಯ ನ್ಯಾಯಾಲಯದ ಕಟ್ಟಡದಲ್ಲಿ.

ವೆಚ್ಚದ ಮಾತಿಗೆ ಬಂದರೆ ಕಿನ್ಸೇಲ್ ದುಬಾರಿ. ಮೀನಿನ ಊಟಕ್ಕೆ ಹೆಸರಾದ, ಬಣ್ಣ ಬಳಿದ ಮನೆಗಳ ಈ ಊರಿಗೆ ಬೇಸಿಗೆಯಲ್ಲಿ ಶ್ರೀಮಂತ ಪ್ರವಾಸಿಗಳು ತುಂಬಿಕೊಳ್ಳುತ್ತಾರೆ. ಜುಲೈ-ಆಗಸ್ಟ್ ತಿಂಗಳ ವಾರಾಂತ್ಯದಲ್ಲಿ ಕೋಣೆ ಸಿಗುವುದೇ ಕಷ್ಟ. ಕಾರ್ಕ್ ನಗರದಲ್ಲಿ ಉಳಿದು ಹಗಲಿಗೆ ಬಂದುಹೋಗುವುದು ಜಾಣತನ.

ವೆಸ್ಟ್‌ಪೋರ್ಟ್ ಬಗ್ಗೆ ಬೇಗನೆ ಹೇಳಿ ಮುಗಿಸಬಹುದು. ಊರು ಕೆಟ್ಟದೆಂದಲ್ಲ, ವಾಸಕ್ಕೆ, ವಿಶ್ರಾಂತಿಗೆ ಇದೇ ಎಲ್ಲಕ್ಕಿಂತ ಹಿತವಾದದ್ದು, ಡಬ್ಲಿನ್ನಿನಿಂದ ಮೂರು ಗಂಟೆಗೆ ತುಸು ಹೆಚ್ಚಿನ ನೇರ ರೈಲೂ ಇದೆ. ಆದರೆ ಇದು ಹದಿನೆಂಟನೆಯ ಶತಮಾನದಲ್ಲಿ ಬ್ರೌನ್ ಎಂಬ ಭೂಮಾಲೀಕ ಮನೆತನ ನಕ್ಷೆ ಹಾಕಿಸಿ ಕಟ್ಟಿಸಿದ ಊರು. ತಮ್ಮ ಮಹಲಿನ ಪಕ್ಕದಲ್ಲಿದ್ದ ಹಳೆಯ ಹಳ್ಳಿಯನ್ನು ತೆಗೆಸಿ, ಈಗಿನ ಜಾಗದಲ್ಲಿ ಎಂಟು ಮೂಲೆಯ ಚೌಕವನ್ನೂ, ನೇರಗೊಳಿಸಿದ ಕ್ಯಾರೊಬೆಗ್ ಹೊಳೆಯ ಇಕ್ಕೆಲಗಳಲ್ಲಿ ಮರಗಳ ಸಾಲನ್ನೂ ಅವರು ಮಾಡಿಸಿದರು. ನಾರುಬಟ್ಟೆಯ ವ್ಯಾಪಾರ ಇದ್ದಷ್ಟು ಕಾಲ ಊರು ಏಳಿಗೆಯಲ್ಲಿತ್ತು. ಚರಿತ್ರೆಗಿಂತ ಭೂಗೋಳವನ್ನು ಪ್ರೀತಿಸುವವರಿಗೆ ಮಾತ್ರ ನಾನು ವೆಸ್ಟ್‌ಪೋರ್ಟನ್ನೇ ಮೊದಲು ಸೂಚಿಸುತ್ತೇನೆ. ಹಿಮನದಿ ಬಿಟ್ಟುಹೋದ ಮೊಟ್ಟೆಯಾಕಾರದ ಮಣ್ಣುಗುಡ್ಡಗಳು ಅರ್ಧ ಮುಳುಗಿ ನೂರಾರು ದ್ವೀಪಗಳಾಗಿರುವ ಕ್ಲೂ ಕೊಲ್ಲಿಯನ್ನು, 764 ಮೀಟರು ಎತ್ತರದ ಕ್ರೋ ಪ್ಯಾಟ್ರಿಕ್ ಗುಡ್ಡದ ಹೆಗಲಿನಿಂದ ನೋಡಿದರೆ ಹಿಮಯುಗದ ಪಾಠ ಪುಸ್ತಕವಿಲ್ಲದೆಯೇ ತಲೆಗೆ ಹತ್ತುತ್ತದೆ. ಜುಲೈ ತಿಂಗಳ ಕೊನೆಯ ಭಾನುವಾರ ಸಾವಿರಾರು ಯಾತ್ರಿಕರು, ಕೆಲವರು ಬರಿಗಾಲಲ್ಲಿ, ಈ ಗುಡ್ಡ ಏರುತ್ತಾರೆ. ತುದಿಯ ಸಡಿಲ ಕಲ್ಲಿನ ಇಳಿಜಾರು ಮಕ್ಕಳಿಗೂ ವಯಸ್ಸಾದವರಿಗೂ ಅಪಾಯಕರ. ಈ ಕೊಲ್ಲಿಯ ದ್ವೀಪಗಳನ್ನು ಹದಿನಾರನೆಯ ಶತಮಾನದಲ್ಲಿ ಹಡಗುಗಳ ಬಲದಿಂದ ಆಳಿದ ಗ್ರೇಸ್ ಓಮ್ಯಾಲಿ 1593ರಲ್ಲಿ ಗ್ರೀನಿಚ್‌ಗೆ ಹೋಗಿ ಎಲಿಜಬೆತ್ ರಾಣಿಯನ್ನೇ ಕಂಡು ಮಾತಾಡಿದ್ದಳು. ಹಳೆಯ ರೈಲುದಾರಿಯ ಮೇಲೆ ಅಕಿಲ್ ದ್ವೀಪದವರೆಗೆ ನಲವತ್ತು ಕಿಲೋಮೀಟರಿಗೂ ಮೀರಿದ ಸೈಕಲ್ ಹಾದಿಯಿದೆ. ಹದಿಹರೆಯದ ಮಕ್ಕಳಿರುವ ಸಂಸಾರಕ್ಕೆ ಇದು ದೊಡ್ಡ ಆಕರ್ಷಣೆ.

ಉಳಿದದ್ದು ಸ್ಕಿಬರೀನ್. ಕಾರ್ಕ್ ನಗರದಿಂದ ನೈರುತ್ಯಕ್ಕೆ ಸುಮಾರು 80 ಕಿಲೋಮೀಟರು, ಬಸ್ಸಿನಲ್ಲಿ ಎರಡು ಗಂಟೆ. ಡಬ್ಲಿನ್ನಿನಿಂದ ಬರುವವರು ಒಂದು ರಾತ್ರಿಯಾದರೂ ಉಳಿಯಲೇಬೇಕು. ಐಲೆನ್ ನದಿಯ ದಂಡೆಯ, ಸುಮಾರು ಮೂರು ಸಾವಿರ ಜನರ ಸಂತೆಯೂರು. ಕೋಟೆಯಿಲ್ಲ, ಊರಗೋಡೆಯಿಲ್ಲ, ಚಿತ್ರಕ್ಕೆ ಹೊಂದುವ ರೇವಿಲ್ಲ. ಕಣ್ಣಿಗೆ ಕಾಣುವ ಅವಶೇಷವೇ ಮುಖ್ಯವೆನ್ನುವವರಿಗೆ ಇದು ಕೊನೆಯ ಆಯ್ಕೆ. ಹಾಗಿದ್ದರೂ ಒಬ್ಬರಿಗೆ ಒಂದೇ ಊರು ನೋಡಲು ಅವಕಾಶವಿದ್ದು, ಎರಡು ದಿನದ ಬಿಡುವೂ ಇದ್ದರೆ, ನಾನು ಈ ಊರನ್ನೇ ನೋಡಿ ಎನ್ನುತ್ತೇನೆ.

ಸ್ಕಿಬರೀನ್ ಸುತ್ತಲಿನ ನೆಲದಲ್ಲಿ ಬಂಡೆಯ ದಿಣ್ಣೆಗಳ ನಡುವೆ ತೆಳುವಾದ ಮಣ್ಣು ಸಿಗುತ್ತದೆ. ಕಡಲಿನ ಮರಳನ್ನೂ ಪಾಚಿಯನ್ನೂ ಹೊತ್ತು ತಂದು ಗೊಬ್ಬರ ಮಾಡಿ, ಆ ಮಣ್ಣಿನಲ್ಲಿ ಕೂಲಿಕಾರರು ಆಲೂಗೆಡ್ಡೆ ಬೆಳೆಯುತ್ತಿದ್ದರು. ಎಷ್ಟೇ ಸಣ್ಣ ತುಂಡು ನೆಲದಿಂದಲೂ ಒಂದು ಸಂಸಾರದ ಹೊಟ್ಟೆ ತುಂಬಿಸಬಲ್ಲ ಬೆಳೆ ಅದೊಂದೇ; ಹೀಗಾಗಿ ನೆಲ ಮತ್ತೆ ಮತ್ತೆ ಪಾಲಾಗುತ್ತ ಹೋಯಿತು, ಜನ ದಟ್ಟವಾದರು, ಬೆಳೆ ಮಾತ್ರ ಒಂದೇ ಉಳಿಯಿತು. 1845ರಲ್ಲಿ ಅಂಗಮಾರಿ ರೋಗ ತಗಲಿತು; 1846ರಲ್ಲಿ ಬೆಳೆ ಬಹುತೇಕ ಪೂರ್ತಿ ಕೊಳೆಯಿತು. ಆ ಚಳಿಗಾಲದಲ್ಲಿ ಸ್ಕಿಬರೀನಿನ ಸಂತೆಯಲ್ಲಿ ಮಾರಾಟಕ್ಕೆ ಆಹಾರವಿತ್ತು, ಕೊಳ್ಳಲು ಕೂಲಿಯವರ ಕೈಯಲ್ಲಿ ಹಣವಿರಲಿಲ್ಲ. ಸರ್ಕಾರ ಪರಿಹಾರವೆಂದು ತೆರೆದ ರಸ್ತೆ ಕೆಲಸಕ್ಕೆ ಹೋದರೆ ಸಿಗುತ್ತಿದ್ದ ಕೂಲಿ ಏರಿದ ಹಿಟ್ಟಿನ ಬೆಲೆಗೆ ಸಾಲುತ್ತಿರಲಿಲ್ಲ. ಹಸಿದವರ ಮೇಲೆ ಜ್ವರ ಎರಗಿತು. ಊರ ಹೊರಗಿನ ಅಬಿಸ್ಟ್ರೂರಿ ಸ್ಮಶಾನದಲ್ಲಿ ಎಂಟರಿಂದ ಹತ್ತು ಸಾವಿರ ಜನರನ್ನು, ಹೆಚ್ಚಿನವರನ್ನು ಶವಪೆಟ್ಟಿಗೆಯೂ ಹೆಸರೂ ಇಲ್ಲದೆ, ದೊಡ್ಡ ಗುಂಡಿಗಳಲ್ಲಿ ಹೂಳಲಾಯಿತು. ಅಲ್ಲೀಗ ಇರುವುದು ಹುಲ್ಲು ಬೆಳೆದ ಒಂದು ಜಾಗ. 1847ರ ಆರಂಭದಲ್ಲಿ ಕಾರ್ಕ್‌ನ ಚಿತ್ರಕಾರ ಜೇಮ್ಸ್ ಮಹೋನಿ ಇಲ್ಲಿಗೆ ಬಂದು ಬರೆದ ಚಿತ್ರಗಳು ಲಂಡನ್ನಿನ ಸಚಿತ್ರ ವಾರಪತ್ರಿಕೆಯಲ್ಲಿ ಅಚ್ಚಾದ್ದರಿಂದ ಊರಿನ ಹೆಸರೇ ಕ್ಷಾಮದ ಹೆಸರಾಯಿತು. 1841ರಲ್ಲಿ 80 ಲಕ್ಷ ದಾಟಿದ್ದ ಐರ್ಲೆಂಡಿನ ಜನಸಂಖ್ಯೆ 1851ಕ್ಕೆ ಸುಮಾರು 65 ಲಕ್ಷಕ್ಕಿಳಿಯಿತು; ಹತ್ತಿರಹತ್ತಿರ 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಮಂದಿ ಹಡಗು ಹತ್ತಿದರು.

ಈ ಪರಿಹಾರ ಕಾರ್ಯದ ಖಜಾನೆಯ ಕೀಲಿ ಲಂಡನ್ನಿನಲ್ಲಿ ಚಾರ್ಲ್ಸ್ ಟ್ರೆವೆಲಿಯನ್ ಎಂಬ ಅಧಿಕಾರಿಯ ಕೈಯಲ್ಲಿತ್ತು. ಮಾರುಕಟ್ಟೆಯ ನಡೆಗೆ ಸರ್ಕಾರ ಅಡ್ಡ ಬರಬಾರದೆಂಬ ನಂಬಿಕೆಯನ್ನು ಅವನು ಕಟ್ಟುನಿಟ್ಟಾಗಿ ಪಾಲಿಸಿದ. ಅದೇ ಟ್ರೆವೆಲಿಯನ್ 1859ರಲ್ಲಿ, ಬಳ್ಳಾರಿ ಮತ್ತು ಮಂಗಳೂರು ಸೀಮೆಗಳೂ ಸೇರಿದ್ದ ಮದ್ರಾಸು ಪ್ರಾಂತಕ್ಕೆ ಗವರ್ನರನಾಗಿ ಬಂದ. ಐರ್ಲೆಂಡಿನ ಕ್ಷಾಮ ನಮಗೆ ದೂರದ ಕಥೆಯೆಂದುಕೊಳ್ಳುವವರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವುದು ಒಳಿತು.

ಕ್ಷಾಮವನ್ನು ಬಾಲ್ಯದಲ್ಲಿ ಅನುಭವಿಸಿದ ಜೆರೆಮಾಯ ಓಡಾನವನ್ ರೋಸ 1856ರಲ್ಲಿ ಸ್ಕಿಬರೀನಿನಲ್ಲಿ ಫೀನಿಕ್ಸ್ ಸಂಘವನ್ನು ಕಟ್ಟಿದ. ಅದು ಬೇಗನೆ ಬ್ರಿಟಿಷ್ ಆಳ್ವಿಕೆಯ ವಿರುದ್ಧದ ಗುಪ್ತ ಸಂಘಟನೆಯೊಡನೆ ಬೆರೆಯಿತು. 1915ರಲ್ಲಿ ಡಬ್ಲಿನ್ನಿನಲ್ಲಿ ನಡೆದ ಅವನ ಶವಸಂಸ್ಕಾರದಲ್ಲಿ ಸ್ವಾತಂತ್ರ್ಯ ಹೋರಾಟಗಾರ ಪ್ಯಾಟ್ರಿಕ್ ಪಿಯರ್ಸ್ ಮಾಡಿದ ಭಾಷಣ, ಮರುವರ್ಷ ಬ್ರಿಟಿಷರ ವಿರುದ್ಧ ಎದ್ದ ದಂಗೆಗೆ ಮುನ್ನುಡಿಯಾಯಿತು. ಹಸಿವಿನಿಂದ ಸ್ವಾತಂತ್ರ್ಯದ ಹೋರಾಟದವರೆಗಿನ ಎಳೆಯನ್ನು ಇಷ್ಟು ಸ್ಪಷ್ಟವಾಗಿ ಹಿಡಿದುಕೊಡುವ ಸಣ್ಣ ಊರು ಇನ್ನೊಂದು ನನಗೆ ತೋಚುವುದಿಲ್ಲ. ಹಳೆಯ ಗ್ಯಾಸ್ ಕಾರ್ಖಾನೆಯ ಕಟ್ಟಡದಲ್ಲಿರುವ ಪರಂಪರೆ ಕೇಂದ್ರದಲ್ಲಿ ಮೊದಲು ಒಂದೆರಡು ಗಂಟೆ ಕಳೆದು, ಅನಂತರ ಸ್ಮಶಾನಕ್ಕೆ ಹೋಗುವುದು ಸರಿಯಾದ ಕ್ರಮ. ತಿರುವುಮುರುವಾದರೆ ಆ ಹುಲ್ಲುನೆಲ ಏನನ್ನೂ ಹೇಳುವುದಿಲ್ಲ. ಚಿಕ್ಕ ಮಕ್ಕಳಿಗೆ ಇದು ಭಾರವಾಗಬಹುದು. ಅವರನ್ನು ಸಂಜೆ ಹತ್ತಿರದ ಲಾಕ್ ಹೈನ್ ಸರೋವರಕ್ಕೆ ಕರೆದೊಯ್ಯಬೇಕು. ಕಿರಿದಾದ ಬಾಯಿಯಿಂದ ಕಡಲಿನ ಉಬ್ಬರ ರಭಸವಾಗಿ ಒಳನುಗ್ಗುವ ಆ ಉಪ್ಪುನೀರಿನ ಸರೋವರ 1981ರಲ್ಲಿ ಐರ್ಲೆಂಡಿನ ಮೊದಲ ಕಡಲ ಜೀವಿಧಾಮವಾಯಿತು. ವಸತಿಯ ದರ ಕಿನ್ಸೇಲ್‌ಗಿಂತ ಸಾಮಾನ್ಯವಾಗಿ ಕೈಗೆಟಕುವಂಥದ್ದು.

ಹೀಗಾಗಿ ಒಂದೇ ಹಗಲಿನ ಬಿಡುವಿರುವವರು, ಮೊದಲ ಬಾರಿ ಬಂದ ಹಿರಿಯರ ಜೊತೆಗಿರುವವರು, ಖರ್ಚನ್ನು ಹಿಡಿತದಲ್ಲಿಡಬೇಕಾದವರು ಹೆಚ್ಚು ಯೋಚಿಸದೆ ಟ್ರಿಮ್‌ಗೆ ಹೋಗಬಹುದು. ಯುದ್ಧ ಮತ್ತು ರಾಜಕಾರಣದ ಚರಿತ್ರೆಯನ್ನು ಓದಿಕೊಂಡಿದ್ದು, ಒಳ್ಳೆಯ ಊಟಕ್ಕೂ ಕಡಲ ಗಾಳಿಗೂ ಹಣ ತೆರಲು ಹಿಂಜರಿಯದವರಿಗೆ ಕಿನ್ಸೇಲ್ ತಕ್ಕದ್ದು. ನಡೆಯುವ, ಸೈಕಲ್ ತುಳಿಯುವ ಮಕ್ಕಳಿದ್ದರೆ ವೆಸ್ಟ್‌ಪೋರ್ಟ್. ಐರಿಷ್ ಜನ ತಮ್ಮ ಚರಿತ್ರೆಯ ಬಗ್ಗೆ ಮಾತಾಡುವಾಗ ದನಿ ಏಕೆ ಬದಲಾಗುತ್ತದೆಂದು ತಿಳಿಯಬೇಕಾದವರಿಗೆ ಸ್ಕಿಬರೀನ್. ಕಾರು ಇರುವವರು ಮೂರು ದಿನ ತೆಗೆದುಕೊಂಡು ಕಿನ್ಸೇಲ್‌ನಿಂದ ಕ್ಲೊನಕಿಲ್ಟಿಯ ಮೂಲಕ ಸ್ಕಿಬರೀನ್ ಸೇರಿದರೆ ಎರಡನ್ನೂ ಒಟ್ಟಿಗೆ ಮುಗಿಸಬಹುದು. ಬಸ್ಸನ್ನೇ ನೆಚ್ಚಿದವರಿಗೆ ಕಾರ್ಕ್ ನಗರದಲ್ಲಿ ಉಳಿದು ಒಂದೊಂದನ್ನು ಬೇರೆ ಬೇರೆ ದಿನ ನೋಡುವುದು ಸರಳ.

ಯಾವುದನ್ನೇ ಆರಿಸಿಕೊಂಡರೂ ಏಪ್ರಿಲ್‌ನಿಂದ ಸೆಪ್ಟೆಂಬರಿನೊಳಗೆ ಹೋಗುವುದು ಲೇಸು. ಜೂನ್ ತಿಂಗಳಲ್ಲಿ ಹಗಲು ಹದಿನೇಳು ಗಂಟೆಯಿದ್ದರೆ ಡಿಸೆಂಬರಿನಲ್ಲಿ ಏಳೂವರೆ ಗಂಟೆ ಮಾತ್ರ. ಚಳಿಗಾಲದಲ್ಲಿ ಕೋಟೆ ಮತ್ತು ವಸ್ತುಸಂಗ್ರಹಾಲಯಗಳ ಸಮಯ ಮೊಟಕಾಗುತ್ತದೆ, ಸ್ಕಿಬರೀನಿನ ಪರಂಪರೆ ಕೇಂದ್ರ ಕೆಲವು ತಿಂಗಳು ಮುಚ್ಚಿಯೇ ಇರುತ್ತದೆ. ಟ್ರಿಮ್ ಕೋಟೆ ಮತ್ತು ಚಾರ್ಲ್ಸ್ ಕೋಟೆ ಎರಡೂ ಸರ್ಕಾರದ ಪುರಾತತ್ವ ನಿರ್ವಹಣೆಯಲ್ಲಿರುವುದರಿಂದ, ಒಂದೇ ವರ್ಷದಲ್ಲಿ ಇಂಥ ಹಲವು ತಾಣಗಳನ್ನು ನೋಡುವವರಿಗೆ ವಾರ್ಷಿಕ ಹೆರಿಟೇಜ್ ಕಾರ್ಡು ಲಾಭದಾಯಕ. ಭಾರತದಿಂದ ಬರುವ ತಂದೆತಾಯಂದಿರಿಗೆ ಟಿಕೆಟ್ ಮಾಡಿಸುವ ಮೊದಲು, ಐರ್ಲೆಂಡ್ ಷೆಂಗೆನ್ ಒಕ್ಕೂಟದಲ್ಲಿಲ್ಲವೆಂಬುದನ್ನೂ, ಅದಕ್ಕೆ ಪ್ರತ್ಯೇಕ ವೀಸಾ ಬೇಕೆಂಬುದನ್ನೂ ಮರೆಯದಿರಿ.